ಕೊನೆಯವರು ಯಾರು?

ಪತ್ರ ಬಂದ ದಿನ ಹನ್ನೊಂದು ಗಂಟೆಯೊಳಗೆ ಕನ್ನಡಕದಕ್ಕ ಮೂವತ್ತೊಂದು ಮುಖ ನೋಡಿಯಾಗಿತ್ತು. ಎಣಿಸಲೇಬೇಕೆಂದು ಎಣಿಸಿದ್ದಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಹತ್ತೊಂಬತ್ತು ವರ್ಷ ಕೂತವಳಿಗೆ, ಕೈ ನೋಟು ಎಣಿಸುತ್ತಿದ್ದರೂ ಕಣ್ಣು ತನ್ನ ಪಾಡಿಗೆ ತಾನು ಜನರನ್ನು ಎಣಿಸುತ್ತಿರುತ್ತದೆ. ಹತ್ತಿರಕ್ಕೊಂದು, ದೂರಕ್ಕೊಂದು ಎಂದು ಅವಳ ಬಳಿ ಎರಡು ಕನ್ನಡಕಗಳಿದ್ದವು. ಒಂದು ಮೂಗಿನ ಮೇಲಿದ್ದರೆ ಇನ್ನೊಂದು ತಲೆಯ ಮೇಲೆ. ಎಷ್ಟೋ ಸಲ ತಲೆಯ ಮೇಲಿರುವುದನ್ನು ಮೇಜಿನ ಕೆಳಗೆಲ್ಲ ಹುಡುಕಾಡಿ, ಬೆಂಚಿನಲ್ಲಿ ಕೂತವರಿಂದ ಹೇಳಿಸಿಕೊಳ್ಳುತ್ತಿದ್ದಳು. ಹೆಸರು ಊರಿಗೆಲ್ಲ ಹರಡಿದ್ದು ಹಾಗೆ.

ಮ್ಯಾನೇಜರ್ ತಮ್ಮ ಗಾಜಿನ ಕೋಣೆಯಿಂದ ಸನ್ನೆ ಮಾಡಿ ಕರೆದರು. ಅವರು ಈ ಶಾಖೆಗೆ ಬಂದು ಎರಡು ವರ್ಷವಾಗಿತ್ತು. ಮಾತು ಕಡಿಮೆ, ನಿಟ್ಟುಸಿರು ಜಾಸ್ತಿ.

"ಓದಿ," ಎಂದು ಪತ್ರವನ್ನು ಮುಂದೆ ತಳ್ಳಿದರು.

ಮುಖ್ಯ ಕಚೇರಿಯ ಪತ್ರ. ಕಳೆದ ಐದು ವರ್ಷಗಳಲ್ಲಿ ಈ ಶಾಖೆಗೆ ದಿನಕ್ಕೆ ಸರಾಸರಿ ಒಂಬತ್ತು ಗ್ರಾಹಕರು ಮಾತ್ರ ಬಂದಿದ್ದಾರೆ. ಊರಿನ ಹೆಚ್ಚಿನವರು ಮೊಬೈಲ್ ಮೂಲಕವೇ ವ್ಯವಹರಿಸುತ್ತಿರುವುದು ಸಂತೋಷದ ಸಂಗತಿ. ಆದ್ದರಿಂದ ಮೂರು ತಿಂಗಳ ನಂತರ ಶಾಖೆಯನ್ನು ಮುಚ್ಚಿ, ಗ್ರಾಹಕರನ್ನು ಸಮೀಪದ ಶಾಖೆಗೆ ವರ್ಗಾಯಿಸಲಾಗುವುದು. ಆ 'ಸಮೀಪ' ಎಂದರೆ ಎರಡು ಬಸ್ಸು ಬದಲಿಸಿ ಒಂದೂವರೆ ಗಂಟೆಯ ದಾರಿ.

"ಒಂಬತ್ತಾ?" ಎಂದಳು ಕನ್ನಡಕದಕ್ಕ. "ಸರ್, ಈಗ ಬೆಂಚಿನ ಮೇಲೇ ಹನ್ನೊಂದು ಜನ ಕೂತಿದ್ದಾರೆ."

"ಅವರು ಟೋಕನ್ ಲೆಕ್ಕ ಹಿಡೀತಾರೆ," ಎಂದರು ಮ್ಯಾನೇಜರ್, ಅವಳ ಮುಖ ನೋಡದೆ.

ಕನ್ನಡಕದಕ್ಕ ತಿರುಗಿ ನೋಡಿದಳು. ಗಾಜಿನಾಚೆ, ಬಾಗಿಲ ಪಕ್ಕದಲ್ಲಿ, ಹೂವಿನ ಚಿತ್ರವಿದ್ದ ಬಟ್ಟೆಯ ಗವಸು ಹೊದ್ದುಕೊಂಡು ಟೋಕನ್ ಯಂತ್ರ ನಿಂತಿತ್ತು. ಗವಸು ಹಾಕಿಸಿದವಳು ಅವಳೇ.

ಯಂತ್ರ ಬಂದು ಐದು ವರ್ಷವಾಗಿತ್ತು. ಗುಂಡಿ ಒತ್ತಿದರೆ ಚೀಟಿ ಬರಬೇಕು, ಸರದಿ ಬಂದಾಗ ಯಂತ್ರವೇ ಸಂಖ್ಯೆ ಕೂಗಬೇಕು. ಮೊದಲ ವಾರವೇ ರಂಪವಾಯಿತು. ಯಂತ್ರ ಹದಿನಾಲ್ಕು, ಹದಿನಾಲ್ಕು ಎಂದು ಬಾಯಿ ಬಡಿದುಕೊಂಡರೂ ಯಾರೂ ಏಳಲಿಲ್ಲ. "ಅಜ್ಜೀ, ಹದಿನಾಲ್ಕು ನೀವೇ," ಎಂದು ಕನ್ನಡಕದಕ್ಕ ಕೂಗಿದರೆ, ಇಸ್ತ್ರಿ ಅಜ್ಜಿ, "ಯಾರು, ನಾನಾ? ಎಪ್ಪತ್ತು ದಾಟಿ ಯಾವ ಕಾಲ ಆಯ್ತು!" ಎಂದು ಕೂತಲ್ಲೇ ನಕ್ಕಳು. ದರ್ಜಿ ನಗಲಿಲ್ಲ. "ಇಷ್ಟು ವರ್ಷ ಮುಖ ನೋಡಿ ಕರೀತಿದ್ರಿ. ಈಗ ನಾನು ಇಪ್ಪತ್ತೆರಡಾ? ಜೈಲಾ ಇದು?" ಎಂದು ಮುಖ ಊದಿಸಿಕೊಂಡು ಮೂರು ದಿನ ಬ್ಯಾಂಕಿನ ಕಡೆ ತಲೆ ಹಾಕಲಿಲ್ಲ.

ಯಂತ್ರಕ್ಕೂ ಮುಂಚಿನಿಂದ ಇಲ್ಲಿ ಬೇರೆಯೇ ಪದ್ಧತಿಯಿತ್ತು. ಒಳಗೆ ಬಂದವರು, "ಕೊನೆಯವರು ಯಾರು?" ಎಂದು ಕೇಳುತ್ತಾರೆ. ಯಾರೋ ಕೈ ಎತ್ತುತ್ತಾರೆ. ಅವರ ಪಕ್ಕ ಕೂತರಾಯಿತು. ಮುಂದಿನವರು ಎದ್ದಾಗ ಇಡೀ ಬೆಂಚು ಒಂದು ಜಾಗ ಸರಿಯುತ್ತದೆ. ಹೀಗೆ ಸರಿದು ಸರಿದು ಆ ಉದ್ದನೆಯ ಮರದ ಬೆಂಚು ಕನ್ನಡಿಯಂತೆ ಹೊಳೆಯುತ್ತಿತ್ತು. ಬಸ್ಸು ಹಿಡಿಯಬೇಕಾದವರನ್ನು, ಕಂಕುಳಲ್ಲಿ ಕೂಸು ಇದ್ದವರನ್ನು ಬೆಂಚೇ ಮುಂದೆ ಕಳಿಸುತ್ತಿತ್ತು. ಯಂತ್ರಕ್ಕೆ ಅದೆಲ್ಲ ತಿಳಿಯುತ್ತದೆಯೇ? ಕನ್ನಡಕದಕ್ಕ ಒಂದು ತಿಂಗಳು ನೋಡಿದಳು. ಕೊನೆಗೆ, ಧೂಳು ಕೂರಬಾರದು ಎಂಬ ನೆಪ ಹೇಳಿ, ದರ್ಜಿಯಿಂದಲೇ ಗವಸು ಹೊಲಿಸಿ ಹೊದಿಸಿಬಿಟ್ಟಳು. ದರ್ಜಿ ಕೂಲಿಯನ್ನೂ ಕೇಳಲಿಲ್ಲ. ಗೊತ್ತಿಲ್ಲದ ಹೊಸಬರಿಗೆ ಮಾತ್ರ ಗಾರ್ಡ್ ಗವಸೆತ್ತಿ ಚೀಟಿ ಕೊಡುತ್ತಿದ್ದ. ದಿನಕ್ಕೆ ಒಂಬತ್ತು.

ಮೊಬೈಲಿನ ಕಥೆ ಇನ್ನೊಂದು. ಫೋನಿನಲ್ಲೇ ದುಡ್ಡು ಕಳಿಸಬಹುದು ಎಂದಾದ ಮೇಲೆ ಜನ ಫೋನು ಹಿಡಿದುಕೊಂಡು ಅವಳ ಹತ್ತಿರವೇ ಬರತೊಡಗಿದರು. "ಇಲ್ಲಿ ಒತ್ತಲಾ ಅಕ್ಕಾ?" "ಒತ್ತಿ." "ಹೋಯ್ತಾ?" "ಹೋಯ್ತು." "ಯಾರಿಗೆ ಹೋಯ್ತು?" ಹೀಗೆ ಅವಳೆದುರು ಕೂತು, ಅವಳ ಧೈರ್ಯದ ಮೇಲೆ ಒತ್ತಿದ ಪ್ರತಿಯೊಂದು ಗುಂಡಿಯೂ ಮುಖ್ಯ ಕಚೇರಿಯ ಲೆಕ್ಕದಲ್ಲಿ ಶಾಖೆಯ ಹಂಗಿಲ್ಲದವರ ಖಾತೆಗೆ ಸೇರಿತ್ತು.

ಎರಡೂ ಅವಳ ಕೈಯಿಂದಲೇ ಆದದ್ದು. ಎರಡೂ ಒಳ್ಳೆಯದಕ್ಕೆಂದು ಮಾಡಿದ್ದು.

ಸಂಜೆ ಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಕನ್ನಡಕದಕ್ಕ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಹೇಳುವಾಗ ಕೈ ಸುಮ್ಮನಿರದೆ, ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಿದ್ದಳು.

"ಮಲಗೋ ಮುಂಚೆ ಬೀಗ ಮೂರು ಸಲ ಎಳೆದು ನೋಡೋಳು ನೀನು," ಎಂದರು ಅತ್ತೆ, ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡು. "ಇದು ನಿನ್ನ ಕಣ್ಣಿಗೆ ಬೀಳಲಿಲ್ವಾ?"

"ಬೀಳಲಿಲ್ಲ ಅತ್ತೆ."

"ಹಾಗಾದ್ರೆ ಹೋಗಿ ಹೇಳು. ಕೆಲಸ ಹೋದ್ರೆ ಹೋಗ್ಲಿ. ಬಟಾಣಿ ಸುಲಿಯೋದಾದ್ರೂ ಸರಿಯಾಗಿ ಕಲಿತೀಯ."

"ಕೆಲಸ ಹೋಗಲ್ಲ ಅತ್ತೆ. ನನ್ನನ್ನ ಇನ್ನೊಂದು ಶಾಖೆಗೆ ಹಾಕ್ತಾರೆ." ಅವಳ ದನಿ ಸಣ್ಣದಾಯಿತು. "ಇಸ್ತ್ರಿ ಅಜ್ಜಿನ ಎಲ್ಲಿಗೆ ಹಾಕ್ತಾರೆ?"

ಅತ್ತೆ ಸುಲಿಯುವುದನ್ನು ನಿಲ್ಲಿಸಿದರು. ಅವರಿಗೂ ಆ ಅಜ್ಜಿ ಗೊತ್ತು. ನಲವತ್ತು ವರ್ಷ ಕಾದ ಇಸ್ತ್ರಿಪೆಟ್ಟಿಗೆ ಹಿಡಿದು ಅಜ್ಜಿಯ ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಬೆರಳು ನೋಡುವ ಯಂತ್ರದ ಮೇಲೆ ಇಟ್ಟರೆ ಕೆಂಪು ದೀಪ. ಸಹಿ ಬಾರದು. ನಿಯಮದಲ್ಲಿ ಒಂದೇ ಒಂದು ದಾರಿಯಿತ್ತು: ಇವರನ್ನು ನಾವು ಬಲ್ಲೆವು ಎಂದು ಶಾಖೆಯ ಇಬ್ಬರು ನೌಕರರು ಬರೆದು ಸಹಿ ಹಾಕಬೇಕು. ಒಂದೂವರೆ ಗಂಟೆ ದೂರದ ಶಾಖೆಯಲ್ಲಿ ಅವಳನ್ನು ಬಲ್ಲವರು ಯಾರಿದ್ದಾರೆ?

"ನಾಳೆಯೇ ಹೇಳು," ಎಂದರು ಅತ್ತೆ. ಈ ಸಲ ತಮಾಷೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲೇ, ಅವಳು ಮ್ಯಾನೇಜರ್ ಮುಂದೆ ನಿಂತು ಗವಸಿನ ವಿಷಯ ಒಪ್ಪಿಕೊಂಡಳು. ಅವರು ಪೇಪರ್‌ವೇಟ್ ತಿರುಗಿಸುತ್ತ ಕೂತರು.

"ನನಗೆ ಗೊತ್ತಿಲ್ಲ ಅಂದುಕೊಂಡ್ರಾ? ಬಂದ ದಿನದಿಂದ ನಾನು ಅದರ ಮೇಲೆ ಕೊಡೆ ನೇತು ಹಾಕ್ತಿದ್ದೀನಿ."

"ಹಾಗಾದ್ರೆ ಸರ್, ಬರೆಯೋಣ."

"ಬರೆದ್ರೆ ದಾಖಲೆಗೆ ಬರುತ್ತೆ. ನಿಮ್ಮದೂ, ನನ್ನದೂ."

"ನನ್ನದು ಮಾತ್ರ ಬರಲಿ. ನಾನೇ ಬರೀತೀನಿ. ನೀವು ಬರೀ ಕಳಿಸಿಕೊಡಿ."

ನಾಲ್ಕು ಹಾಳೆ ಹರಿದು ಐದನೆಯದರಲ್ಲಿ ಪತ್ರ ಮುಗಿಯಿತು. ಮೊದಲ ನಾಲ್ಕರಲ್ಲಿ ಕ್ಷಮೆ ಜಾಸ್ತಿಯಾಗಿ ವಿಷಯವೇ ಕಾಣುತ್ತಿರಲಿಲ್ಲ. ಐದನೆಯದರಲ್ಲಿ ಹೀಗಿತ್ತು: 'ಟೋಕನ್ ಯಂತ್ರಕ್ಕೆ ಗವಸು ಹಾಕಿಸಿದವಳು ನಾನು. ಆದ್ದರಿಂದ ನಿಮ್ಮ ಬಳಿ ಇರುವುದು ಈ ಶಾಖೆಗೆ ಬಂದವರ ಲೆಕ್ಕವಲ್ಲ, ನಮಗೆ ಗುರುತಿಲ್ಲದವರ ಲೆಕ್ಕ. ಗವಸು ತೆಗೆದಿದ್ದೇನೆ. ಒಂದು ತಿಂಗಳು ಎಣಿಸಿ ನೋಡಿ, ಆಮೇಲೆ ತೀರ್ಮಾನಿಸಬೇಕಾಗಿ ವಿನಂತಿ.' ಮ್ಯಾನೇಜರ್ ಓದಿದರು. ನಿಟ್ಟುಸಿರು ಬಿಟ್ಟರು. ಕೆಳಗೆ 'ನಾನೂ ಬಲ್ಲೆ' ಎಂದು ಬರೆದು ತಮ್ಮ ಸಹಿಯನ್ನೂ ಹಾಕಿದರು.

ಒಂದು ವಾರದ ಮೇಲೆ ಉತ್ತರ ಬಂತು. ಒಂದು ತಿಂಗಳ ಎಣಿಕೆಗೆ ಒಪ್ಪಿಗೆ.

ಸುದ್ದಿ ಊರಿಗೆ ಮುಟ್ಟಲು ದರ್ಜಿ ಅಂಗಡಿಯೊಂದೇ ಸಾಕಾಯಿತು. ಎಣಿಕೆಯ ಮೊದಲ ದಿನ ಬಾಗಿಲು ತೆರೆಯುವಷ್ಟರಲ್ಲಿ ಹೊರಗೆ ಜಾತ್ರೆಯಂತೆ ಜನ. ಒಳಗೆ ನುಗ್ಗಿದವರೇ ಯಂತ್ರಕ್ಕೆ ಮುಗಿಬಿದ್ದರು. ಚರ್ರ್ ಚರ್ರ್ ಎಂದು ಚೀಟಿ ಕಕ್ಕುತ್ತ ಕಕ್ಕುತ್ತ ಯಂತ್ರ ಬಿಸಿಯೇರಿತು. ಕನ್ನಡಕದಕ್ಕ ಮೊದಲಿಗೆ ಕಣ್ಣರಳಿಸಿ ನೋಡಿದಳು. ಆಮೇಲೆ ದೂರದ ಕನ್ನಡಕ ಹಾಕಿಕೊಂಡು ನೋಡಿದಳು. ದರ್ಜಿ ಚೀಟಿ ಹಿಡಿದು ಹೊರಗೆ ಹೋಗುತ್ತಿದ್ದ, ಕಂಬ ಸುತ್ತಿ ಒಳಗೆ ಬರುತ್ತಿದ್ದ, ಮತ್ತೆ ಒತ್ತುತ್ತಿದ್ದ. ಅವನ ಹಿಂದೆ ಇನ್ನೂ ಏಳೆಂಟು ಜನ ಅದೇ ಪ್ರದಕ್ಷಿಣೆಯಲ್ಲಿದ್ದರು. ಮಧ್ಯಾಹ್ನದ ಹೊತ್ತಿಗೆ ಯಂತ್ರದ ಸಂಖ್ಯೆ ಇನ್ನೂರ ಹನ್ನೆರಡು.

ಹತ್ತೊಂಬತ್ತು ವರ್ಷದಲ್ಲಿ ಅವಳು ಕೌಂಟರಿನ ಹೊರಗೆ ಬಂದು ದನಿ ಎತ್ತಿದ್ದು ಅದೇ ಮೊದಲು.

"ಏನ್ ಮಾಡ್ತಿದ್ದೀರ ನೀವೆಲ್ಲ?"

"ಬ್ಯಾಂಕ್ ಉಳಿಸ್ತಿದ್ದೀವಿ ಅಕ್ಕಾ," ಎಂದ ದರ್ಜಿ. ಅವನ ಅಂಗಿಯ ಜೇಬು ಚೀಟಿಗಳಿಂದ ಉಬ್ಬಿತ್ತು. "ಬೆಳಿಗ್ಗೆಯಿಂದ ಒಬ್ಬನೇ ಹದಿನೇಳು ಜನ ಆಗಿದ್ದೀನಿ!"

"ಈ ಊರಲ್ಲಿ ಇರೋರೇ ಎಷ್ಟು ಜನ? ಮುಖ್ಯ ಕಚೇರಿಯೋರಿಗೆ ಅಷ್ಟೂ ತಿಳಿಯಲ್ವಾ?" ಅವಳು ಯಂತ್ರಕ್ಕೆ ಅಡ್ಡ ನಿಂತಳು. "ನಾನು ಕಡಿಮೆ ತೋರಿಸಿದ್ದು ಒಂದು ತಪ್ಪು. ನೀವು ಹೆಚ್ಚು ತೋರಿಸಿದ್ರೆ ಎರಡಾಗುತ್ತೆ. ಆಮೇಲೆ ನಿಜ ಹೇಳಿದ್ರೂ ಯಾರೂ ನಂಬಲ್ಲ. ಕೆಲಸ ಇದ್ದೋರು ಬನ್ನಿ. ಒಬ್ಬರಿಗೆ ಒಂದು ಚೀಟಿ."

ದರ್ಜಿ ಜೇಬಿನಿಂದ ಒಂದೊಂದೇ ಚೀಟಿ ತೆಗೆದು, ಬಟ್ಟೆ ಮಡಿಚಿದಷ್ಟೇ ಜೋಪಾನವಾಗಿ ಜೋಡಿಸಿ ಅವಳ ಕೈಗಿಟ್ಟ. "ಹದಿನಾರು," ಎಂದ ತಲೆ ತಗ್ಗಿಸಿ. "ಒಂದು ನಂದೇ. ನಿಜವಾಗ್ಲೂ ಕೆಲಸ ಇದೆ."

ಆ ಸಂಜೆಯೇ ಅವಳು ಮುಖ್ಯ ಕಚೇರಿಗೆ ಎರಡನೆಯ ಪತ್ರ ಬರೆದಳು: ಮೊದಲ ದಿನದ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ನಿಜವಲ್ಲ. ಮ್ಯಾನೇಜರ್ ಹಣೆ ಚಚ್ಚಿಕೊಂಡರು. "ಯಾರೂ ಕೇಳದೆ ಇರೋದನ್ನ ನಾವಾಗೇ ಹೇಳಬೇಕಾ?" ಎಂದರು. ಆದರೂ ಕಳಿಸಿದರು.

ಎರಡನೆಯ ದಿನದಿಂದ ಎಲ್ಲ ಹದಕ್ಕೆ ಬಂತು. ನಲವತ್ತಾರು. ಮೂವತ್ತೊಂಬತ್ತು. ಐವತ್ತೆರಡು. ಹನ್ನೊಂದನೆಯ ದಿನ ಮಧ್ಯಾಹ್ನ ಯಂತ್ರ ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ಕಾಗದದ ಸುರುಳಿ ಮುಗಿದಿತ್ತು. ಇಡೀ ತಿಂಗಳಿಗೆಂದು ಇದ್ದ ಎರಡು ಸುರುಳಿಗಳಲ್ಲಿ ಒಂದರ ಬಹುಪಾಲನ್ನು ಮೊದಲ ದಿನದ ಉತ್ಸಾಹ ತಿಂದುಹಾಕಿತ್ತು. ಹೊಸದು ಬೇಕೆಂದರೆ ಮುಖ್ಯ ಕಚೇರಿಯಿಂದಲೇ ಬರಬೇಕು, ಅದಕ್ಕೆ ಹತ್ತು ದಿನ. ಗಾರ್ಡ್ ಯಂತ್ರದ ಬೆನ್ನು ತಟ್ಟಿದ, ಹೊಟ್ಟೆ ಬಿಚ್ಚಿ ಊದಿದ. ಏನೂ ಉಪಯೋಗವಾಗಲಿಲ್ಲ.

ಮರುದಿನ ಬೆಂಚು ತನ್ನ ಹಳೆಯ ಪದ್ಧತಿಗೆ ಮರಳಿತು. ಕೊನೆಯವರು ಯಾರು? ನಾನು. ಕೊನೆಯವರು ಯಾರು? ನಾನು. ಪ್ರತಿ ಸಲ ಆ ಮಾತು ಕಿವಿಗೆ ಬಿದ್ದಾಗಲೂ ಕನ್ನಡಕದಕ್ಕನಿಗೆ ಒಬ್ಬೊಬ್ಬರೇ ಲೆಕ್ಕದಿಂದ ಜಾರಿ ಹೋಗುತ್ತಿರುವಂತೆ ಅನ್ನಿಸುತ್ತಿತ್ತು. ಒಂದು ಹಾಳೆಯಲ್ಲಿ ಗೀಟು ಎಳೆಯುತ್ತ ಕೂತಳು. ತಾನೇ ಎಳೆದ ಗೀಟನ್ನು ಯಾರು ನಂಬುತ್ತಾರೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮೊದಲನೆಯವರು ಇನ್ನೂ ಕೌಂಟರಿನಲ್ಲಿದ್ದಾಗಲೇ ಅಪರಿಚಿತ ಹೆಂಗಸೊಬ್ಬಳು ಒಳಗೆ ಬಂದಳು. ಹೆಗಲಿಗೆ ಬಟ್ಟೆಯ ಚೀಲ, ಕಾಲಲ್ಲಿ ದೂರ ನಡೆಯುವವರ ಶೂ. ಯಂತ್ರದ ಗುಂಡಿ ಒತ್ತಿದಳು. ಏನೂ ಬರಲಿಲ್ಲ. ಸುತ್ತ ನೋಡಿದಳು.

"ಕೊನೆಯವಳು ನಾನೇ ಕಣಮ್ಮಾ," ಎಂದಳು ಇಸ್ತ್ರಿ ಅಜ್ಜಿ, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸುತ್ತ. "ಬಾ, ಕೂತ್ಕೋ. ನಾನು ಸರಿದಾಗ ನೀನೂ ಸರಿ. ಅಷ್ಟೇ ಕೆಲಸ."

ಹೆಂಗಸು ಕೂತಳು. ಕನ್ನಡಕದಕ್ಕ ಒಮ್ಮೆ ತಲೆಯೆತ್ತಿ ನೋಡಿದಳು. ಯಾರ ಮನೆಗೋ ಬಂದ ನೆಂಟರಿರಬೇಕು ಎಂದುಕೊಂಡಳು. ಬೆಂಚು ಸರಿಯುತ್ತಿತ್ತು. ಬಸ್ಸಿಗೆ ಹೊತ್ತಾಯಿತೆಂದ ಗಾರೆ ಕೆಲಸದವನನ್ನು ಎಲ್ಲರೂ ಮುಂದೆ ಬಿಟ್ಟರು. ಆಮೇಲೆ ದರ್ಜಿಯ ಸರದಿ. ಅವನು ಫೋನನ್ನು ಕೌಂಟರಿನ ಮೇಲಿಟ್ಟು, ಗುಟ್ಟು ಹೇಳುವವನಂತೆ ಬಾಗಿ, ಇಡೀ ಕೋಣೆಗೆ ಕೇಳುವ ದನಿಯಲ್ಲಿ ಹೇಳಿದ:

"ಅಕ್ಕಾ, ನಂಗೊಂದು ಕಾರು ಬಹುಮಾನ ಬಂದಿದೆಯಂತೆ. ಸ್ವಲ್ಪ ಮುಂಗಡ ಕಟ್ಟಬೇಕಂತೆ."

"ಯಾವುದಾದ್ರೂ ಸ್ಪರ್ಧೆಗೆ ಸೇರಿದ್ರಾ?"

"ಇಲ್ಲ."

"ಕಾರು ಓಡಿಸೋಕೆ ಬರುತ್ತಾ?"

"ಸೈಕಲ್ ಬರುತ್ತೆ."

"ಮತ್ತೆ?"

"ಅದಕ್ಕೇ ಕೇಳೋಕೆ ಬಂದಿದ್ದು. ನಮ್ಮನೆಯವಳು ಕಾರಿನ ಬಣ್ಣ ಕೂಡ ಆರಿಸಿಬಿಟ್ಟಿದ್ದಾಳೆ."

"ಆ ಮೆಸೇಜ್ ಅಳಿಸಿ. ಈಗಲೇ, ನನ್ನೆದುರಿಗೇ."

ಅವನು ಅಳಿಸಿದ. ಬೆಂಚಿಗೆ ಬೆಂಚೇ ನಕ್ಕಿತು. ಹೊಸ ಹೆಂಗಸೂ ನಕ್ಕಳು, ಚೀಲದಿಂದ ಸಣ್ಣ ಪುಸ್ತಕ ತೆಗೆದು ಏನೋ ಬರೆದುಕೊಂಡಳು. ಈಗ ಕನ್ನಡಕದಕ್ಕನಿಗೆ ಅನುಮಾನ ಶುರುವಾಯಿತು.

ಇಸ್ತ್ರಿ ಅಜ್ಜಿ ಎದ್ದು ಬಂದಳು. ಹೆಬ್ಬೆಟ್ಟು ಇಟ್ಟಳು, ಕೆಂಪು ದೀಪ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಇಟ್ಟಳು. ಕೆಂಪು. ಮೂರನೆಯ ಸಲವೂ ಕೆಂಪು.

"ಇದಕ್ಕೆ ನಾನು ಯಾರು ಅಂತ ಇನ್ನೂ ಗೊತ್ತಾಗಿಲ್ಲ ನೋಡು," ಎಂದಳು ಅಜ್ಜಿ, ಬೆಂಚಿನ ಕಡೆ ತಿರುಗಿ. "ಎಷ್ಟು ಸಲ ಪರಿಚಯ ಮಾಡ್ಕೊಂಡ್ರೂ ಅಷ್ಟೇ."

ಕನ್ನಡಕದಕ್ಕ ಮ್ಯಾನೇಜರನ್ನು ಕರೆದಳು. ಇಬ್ಬರೂ ಎಂದಿನಂತೆ ಬರೆದರು: ಇವರನ್ನು ನಾವು ಬಲ್ಲೆವು. ಅಜ್ಜಿ ದುಡ್ಡನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡಳು. ಆದರೆ ಹೊರಡಲಿಲ್ಲ, ಹೊಸಬಳಿಗೆ ಕೌಂಟರು ಕಷ್ಟವಾದೀತು ಎಂದು ಪಕ್ಕದಲ್ಲೇ ನಿಂತಳು.

ಹೆಂಗಸು ಬಂದು ತನ್ನ ಗುರುತಿನ ಚೀಟಿಯನ್ನು ಮುಂದಿಟ್ಟಳು. ಮುಖ್ಯ ಕಚೇರಿ. ಶಾಖೆಗಳ ಪರಿಶೀಲನೆಗೆ ಬರುವ ಅಧಿಕಾರಿ.

ಕನ್ನಡಕದಕ್ಕ ಚೀಟಿ ಎತ್ತಿ ಓದಿದಳು. ಹತ್ತಿರದ್ದು ಬಿಟ್ಟು ದೂರದ ಕನ್ನಡಕ ಹಾಕಿಕೊಂಡಳು, ಮತ್ತೆ ಬದಲಿಸಿದಳು.

"ನನ್ನ ಟೋಕನ್ ಸಂಖ್ಯೆ ಎಷ್ಟು?" ಎಂದು ಅಧಿಕಾರಿ ಕೇಳಿದಳು.

"ಇಲ್ಲ ಮೇಡಂ. ಕಾಗದ ಮುಗಿದಿದೆ. ನಿನ್ನೆಯಿಂದ."

"ಹಾಗಾದ್ರೆ ನಿಮ್ಮ ಯಂತ್ರದ ಪ್ರಕಾರ ನಾನು ಇವತ್ತು ಇಲ್ಲಿಗೆ ಬಂದೇ ಇಲ್ಲ."

ಉತ್ತರ ಹೇಳಿದ್ದು ಅಜ್ಜಿ.

"ಬಂದಿಲ್ಲ ಅಂದ್ರೆ ಹೇಗೆ? ನನ್ನ ಹಿಂದೆ ಕೂತಿದ್ದು ನೀನೇ ತಾನೆ? ಯಾರು ಬೇಕಾದ್ರೂ ಕೇಳಲಿ, ನಾನು ಹೇಳ್ತೀನಿ. ಇವಳನ್ನ ನಾನು ಬಲ್ಲೆ ಅಂತ." ಅಜ್ಜಿ ಕೌಂಟರಿನ ಮೇಲೆ ಸವೆದ ಹೆಬ್ಬೆಟ್ಟನ್ನು ಒತ್ತಿ ತೋರಿಸಿದಳು. "ಬೇಕಾದ್ರೆ ಒತ್ತಿಯೂ ಕೊಡ್ತೀನಿ. ಮೂಡಲ್ಲ, ಅಷ್ಟೇ."

ಅಧಿಕಾರಿ ಅಜ್ಜಿಯ ಬೆರಳನ್ನು ನೋಡಿದಳು, ಆಮೇಲೆ ಕೌಂಟರಿನ ಮೇಲಿದ್ದ ಎರಡು ಸಹಿಗಳ ಹಾಳೆಯನ್ನು ನೋಡಿದಳು. ತನ್ನ ಪುಸ್ತಕ ಮುಚ್ಚಿದಳು.

"ನಿಮ್ಮ ಮೊದಲನೇ ಪತ್ರ ಓದಿ ನಾನು ಬರಬೇಕು ಅಂತ ಇರಲಿಲ್ಲ," ಎಂದಳು ಕನ್ನಡಕದಕ್ಕನಿಗೆ. "ಎಲ್ಲ ಶಾಖೆಯವರೂ ಏನಾದ್ರೂ ಬರೀತಾರೆ. ಇನ್ನೂರ ಹನ್ನೆರಡು ಸುಳ್ಳು ಅಂತ ನೀವೇ ಬರೆದ್ರಲ್ಲ, ಆಗ ನೋಡೋಣ ಅನ್ನಿಸ್ತು. ಇನ್ನೂ ಎಷ್ಟು ಹೊತ್ತು ತೆರೆದಿರ್ತೀರ?"

"ನಾಲ್ಕರವರೆಗೆ."

"ನಾಲ್ಕರವರೆಗೂ ಕೂತಿರ್ತೀನಿ. ಸರದಿಗಲ್ಲ, ಸುಮ್ಮನೆ."

ಕೂತಳು. ಸುಮ್ಮನೆ ಕೂತವರನ್ನು ಕಂಡು ಅಭ್ಯಾಸವಿಲ್ಲದ ಬೆಂಚು ಅವಳನ್ನು ನಾಲ್ಕು ಸಲ ಕೌಂಟರಿನವರೆಗೆ ತಳ್ಳಿತು, ನಾಲ್ಕು ಸಲವೂ ಅವಳು ಎದ್ದು ಹೋಗಿ ಮತ್ತೆ ಕೊನೆಯಲ್ಲಿ ಕೂತಳು. ಸಂಜೆ ಪುಸ್ತಕದಲ್ಲಿ ನಲವತ್ತನಾಲ್ಕು ಎಂದು ಬರೆದು ಕನ್ನಡಕದಕ್ಕನಿಗೆ ತೋರಿಸಿದಳು. ಕನ್ನಡಕದಕ್ಕ ತನ್ನ ಹಾಳೆಯ ಗೀಟುಗಳನ್ನು ತೋರಿಸಿದಳು. ನಲವತ್ತೈದು.

"ಒಂದು ಯಾರು?" ಎಂದಳು ಅಧಿಕಾರಿ.

"ನೀವು."

ತೀರ್ಮಾನ ಬರಲು ಇನ್ನೂ ಐದು ವಾರ ಹಿಡಿಯಿತು. ಆ ಐದು ವಾರದಲ್ಲಿ ಕನ್ನಡಕದಕ್ಕ ಮನೆಯ ಬೀಗವನ್ನು ಐದೈದು ಸಲ ಎಳೆದು ನೋಡಿದಳು. ಕೊನೆಗೆ ಬಂದ ಪತ್ರ ಅವಳು ಹಾರೈಸಿದಷ್ಟೂ ಅಲ್ಲ, ಹೆದರಿದಷ್ಟೂ ಅಲ್ಲ. ಶಾಖೆ ಮುಚ್ಚುವುದಿಲ್ಲ. ವಾರಕ್ಕೆ ನಾಲ್ಕು ದಿನ ತೆರೆದಿರುತ್ತದೆ. ಎರಡು ವರ್ಷದ ಮೇಲೆ ಮತ್ತೆ ನೋಡಲಾಗುವುದು. ವಾರದ ಉಳಿದ ದಿನ ಮ್ಯಾನೇಜರ್ ಇನ್ನೊಂದು ಶಾಖೆಯನ್ನೂ ನೋಡಿಕೊಳ್ಳಬೇಕು. ಗ್ರಾಹಕರಿಗೆ ಎದುರು ಕೂತು ಫೋನು ಕಲಿಸುವುದನ್ನು ಇನ್ನು ಮುಂದೆ ಶಾಖೆಯ ಕೆಲಸವೆಂದೇ ಬರೆದುಕೊಳ್ಳಬೇಕು. ಗವಸಿನ ವಿಷಯಕ್ಕೆ ಕನ್ನಡಕದಕ್ಕನಿಗೆ ಒಂದು ಎಚ್ಚರಿಕೆ ಪತ್ರ. ಜೊತೆಗೆ ಒಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ನಲವತ್ತು ಕಾಗದದ ಸುರುಳಿ.

"ಇಷ್ಟನ್ನ ಮುಗಿಸೋಕೆ ನನ್ನಿಂದ ಮಾತ್ರ ಸಾಧ್ಯ," ಎಂದ ದರ್ಜಿ. ಆದರೆ ಅವನು ಬಂದದ್ದು ಅಳತೆ ತೆಗೆಯಲು. ಎರಡು ದಿನದಲ್ಲಿ ಹೊಸ ಗವಸು ತಂದ. ಗುಂಡಿ ಇರುವಲ್ಲಿ ಒಂದು ಕಿಂಡಿ, ಚೀಟಿ ಬರುವಲ್ಲಿ ಇನ್ನೊಂದು, ಎರಡರ ಸುತ್ತಲೂ ಕೋಟಿನ ಕಾಜಾದಂತೆ ಅಚ್ಚುಕಟ್ಟಾದ ಹೊಲಿಗೆ.

ಶಾಖೆ ಮುಚ್ಚಬೇಕಿದ್ದ ದಿನ ಬೆಳಿಗ್ಗೆ ಕನ್ನಡಕದಕ್ಕ ಅರ್ಧ ಗಂಟೆ ಮುಂಚೆ ಬಂದಳು. ದೀಪ ಹಾಕಿದಳು. ಯಾರೂ ಇರಲಿಲ್ಲ. ಹತ್ತೊಂಬತ್ತು ವರ್ಷ ಎದುರಿನಿಂದಲೇ ನೋಡಿದ ಆ ಬೆಂಚಿನ ತುದಿಯಲ್ಲಿ ಮೊದಲ ಸಲ ಕೂತಳು. ಅದು ಅಂದುಕೊಂಡದ್ದಕ್ಕಿಂತ ನುಣುಪಾಗಿತ್ತು. ಕೂತವಳು ತಾನಾಗಿಯೇ ಒಂದು ಗೇಣು ಮುಂದೆ ಜಾರಿದಳು. ಇಲ್ಲಿಂದ ನೋಡಿದರೆ ಕೌಂಟರು ಇಷ್ಟು ಎತ್ತರ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಮೆಟ್ಟಿಲು ಹಾಕಿಸಬೇಕು ಎಂದುಕೊಂಡಳು. ಕುಳ್ಳಗಿರುವವರಿಗೆ.

ಗಾರ್ಡ್ ಬಾಗಿಲು ತೆರೆದ. ಇಸ್ತ್ರಿ ಅಜ್ಜಿ ಒಳಗೆ ಬಂದು, ಕಿಂಡಿಯಲ್ಲಿ ಬೆರಳಿಟ್ಟು ಗುಂಡಿ ಒತ್ತಿದಳು. ಯಂತ್ರ ಚೀಟಿ ಕೊಟ್ಟಿತು. "ಪರವಾಗಿಲ್ಲ, ಇದಕ್ಕೆ ನನ್ನ ಬೆರಳು ಗೊತ್ತಾಯ್ತು," ಎಂದು ಅದನ್ನು ಮಡಿಸಿ ಕರವಸ್ತ್ರಕ್ಕೆ ಸೇರಿಸಿದಳು. ಆಮೇಲೆ ಬೆಂಚಿನ ಕಡೆ ತಿರುಗಿ, ಎಂದಿನಂತೆ ಕೇಳಿದಳು:

"ಕೊನೆಯವರು ಯಾರು?"

"ನಾನು ಅಜ್ಜಿ," ಎಂದಳು ಕನ್ನಡಕದಕ್ಕ.

ಅಜ್ಜಿ ಅವಳ ಪಕ್ಕ ಬಂದು ಕೂತು, ಸೆರಗು ಸರಿಮಾಡಿಕೊಂಡಳು. "ಹಾಗಾದ್ರೆ ಮೊದ್ಲು ನಿನ್ನ ಕೆಲಸ ಮುಗಿಸ್ಕೋ ತಾಯಿ. ನಂಗೇನೂ ಅವಸರ ಇಲ್ಲ."

ಕನ್ನಡಕದಕ್ಕ ಎದ್ದು ಕೌಂಟರಿನ ಹಿಂದೆ ಹೋದಳು. ಬೆಂಚಿನ ಮೇಲೆ ಅಜ್ಜಿ ಒಂದು ಜಾಗ ಮುಂದೆ ಸರಿದಳು.